ಒಂದೀಡಣ್ಣನ ಕೋವಿಗೆ ಸೀಸ ಹುಯ್ಯುವ ಮುನ್ನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಮಗಳಿಗೆ, ಅಣ್ಣನ ತಮ್ಮನವರಿಗೆ, ನಮ್ಮ ಕಾರ್ಖಾನೆಯ ಗೆಳೆಯರಿಗೆ, ಕೇಪಿನ ಕೋವಿ ಬಳಗದವರಿಗೆ — ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವವರು ಒಳಗೆ ಬನ್ನಿ. ಈ ಬದಿಯ ಬೆಂಚು ಖಾಲಿ ಇದೆ. ಅದರ ಒಂದು ಕಾಲು ಅಲುಗಾಡುತ್ತದೆ, ಆದರೆ ಬೀಳುವುದಿಲ್ಲ. ನಾಳೆ ಸರಿಮಾಡುತ್ತೇನೆ ಎಂದವರು ಈಗ ಈ ಫೋಟೋದಲ್ಲಿದ್ದಾರೆ.

ನನ್ನನ್ನು ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಪಂಪು ರಿಪೇರಿ ಕಾರ್ಖಾನೆಯ ಫಿಟ್ಟರ್. ಅಣ್ಣನ ಲೇತ್ ಯಂತ್ರಕ್ಕೂ ನನ್ನ ಬೆಂಚಿಗೂ ನಡುವೆ ಒಂದು ಸ್ಪ್ಯಾನರ್ ಹಲಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೆಲಸಕ್ಕೆ ಸೇರಿದ ವಾರದಿಂದ ಅವರು ಹೋದ ತಿಂಗಳವರೆಗೆ ನಾನು ಆ ಹಲಗೆಯ ಈಚೆ, ಅವರು ಆಚೆ. ವಾರದ ರಜೆಯಲ್ಲಿ ಆ ಹಲಗೆಯೂ ಇರುತ್ತಿರಲಿಲ್ಲ, ಇಬ್ಬರೂ ಹುಲ್ಲುಗಾವಲಿನಲ್ಲಿರುತ್ತಿದ್ದೆವು.

ನನಗಿಂತ ಮೊದಲು ಮಾತಾಡಿದವರೆಲ್ಲ ಚೆನ್ನಾಗಿ ಮಾತಾಡಿದರು. ಮ್ಯಾನೇಜರು ಅವರ ಶಿಸ್ತಿನ ಬಗ್ಗೆ ಹೇಳಿದರು. ಬಳಗದ ಅಧ್ಯಕ್ಷರು ಅವರ ಗುರಿಯ ಬಗ್ಗೆ ಹೇಳಿದರು. ತಮ್ಮನವರು ಒಂದು ಘೋಷಣೆಯನ್ನೂ ಮಾಡಿದರು. ಈ ಮೇಜಿನ ಮೇಲೆ ಫೋಟೋದ ಪಕ್ಕ ಇರುವ ಕೋವಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡುತ್ತೇವೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಕೆಳಗೆ ಅಣ್ಣನ ಹೆಸರು ಬರೆಸುತ್ತಾರೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸಂಗ್ರಹಾಲಯದ ಮೇಡಂ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಅವರ ವ್ಯಾನು ಗೇಟಿನ ಹೊರಗೆ ನಿಂತಿದೆ.

ನಾನು ಚಪ್ಪಾಳೆ ತಟ್ಟಲಿಲ್ಲ. ಅತ್ತಿಗೆಯೂ ತಟ್ಟಲಿಲ್ಲ. ಯಾಕೆ ಎನ್ನುವುದನ್ನು ಹೇಳಲಿಕ್ಕೇ ಎದ್ದು ನಿಂತಿದ್ದೇನೆ. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ಮೊದಲು ಈ ಕೋವಿಯ ವಿಷಯ. ಇದು ಅಂಗಡಿಯಿಂದ ಬಂದದ್ದಲ್ಲ. ಇದರ ನಳಿಗೆ ಗುಜರಿಯಲ್ಲಿ ನೀರಿನ ಪೈಪುಗಳ ಜೊತೆ ಬಿದ್ದಿತ್ತು. ಪೈಪು ಆರಿಸಲು ಹೋದ ಅಣ್ಣ ಇದನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, "ಇದು ನೀರು ಕುಡಿದ ಬಾಯಲ್ಲ" ಅಂದರು. ಒಳಗಿನ ತುಕ್ಕು ತೆಗೆದು ಕನ್ನಡಿಯ ಹಾಗೆ ನುಣುಪು ಮಾಡಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಕೇಪಿಗೆ ಬಡಿಯುವ ಕುದುರೆ, ಕಿಡಿ ಹುಟ್ಟಿಸುವ ಆ ಕೇಪು ಕೂರಿಸುವ ಮೊಲೆ, ಮದ್ದು ಒತ್ತುವ ಈ ಹಿತ್ತಾಳೆಯ ಗಜ — ಎಲ್ಲ ಅವರ ಲೇತ್‌ನಲ್ಲಿ ಆದವು. ಮರದ ಬುಡ ಮಾತ್ರ ಹಳೆಯ ಮಂಚದ ಕಾಲು. ಯಾರ ಮಂಚ ಎಂದು ಅತ್ತಿಗೆಯನ್ನೇ ಕೇಳಿ. "ನನ್ನ ತವರಿನ ಮಂಚ ಕಣ್ರೀ, ಮೂರು ಕಾಲಲ್ಲಿ ನಿಂತಿತ್ತು" ಎಂದು ಇವತ್ತಿಗೂ ಹೇಳುತ್ತಾರೆ.

ಮೊದಲ ಸಲ ಹೊಡೆದು ನೋಡಬೇಕಲ್ಲ. ಹಳೆಯ ನಳಿಗೆ, ಸಿಡಿದರೆ ಕೈ ಇರುವುದಿಲ್ಲ. ಕಾರ್ಖಾನೆಯ ಹಿಂದಿನ ಗೋಡೆಯ ಆಚೆ ಲಾರಿಯ ಟೈರಿಗೆ ಕೋವಿಯನ್ನು ಬಿಗಿದು, ಟ್ರಿಗರಿಗೆ ದಾರ ಕಟ್ಟಿ, ಗೋಡೆಯ ಈಚೆ ಕುಳಿತು ಎಳೆದೆವು. ಆ ಸದ್ದಿಗೆ ನಮ್ಮ ಫೋರ್‌ಮನ್ ಕೈಯಲ್ಲಿ ಚಹಾ ಲೋಟ ಹಿಡಿದುಕೊಂಡೇ ಓಡಿ ಬಂದರು. "ಯಾವ ಪಂಪು ಒಡೀತು?" ಅಣ್ಣ ಹೇಳಿದರು, "ಯಾವ್ದೂ ಒಡೀಲಿಲ್ಲ ಸಾರ್. ಅದೇ ಸಂತೋಷ." ಫೋರ್‌ಮನ್‌ಗೆ ಸಂತೋಷವಾಗಲಿಲ್ಲ. ಇಬ್ಬರಿಗೂ ಆ ವಾರ ಚರಂಡಿ ಪಂಪುಗಳನ್ನು ತೊಳೆಯುವ ಕೆಲಸ ಬಿತ್ತು.

ಈ ಕೋವಿ ಒಂದೇ ಈಡಿನದು. ಒಂದು ಸಲ ಹೊಡೆದರೆ ಮುಗಿಯಿತು. ಮತ್ತೆ ನಿಲ್ಲಿಸಿ, ಹೀಗೆ — ಬುಡ ನೆಲಕ್ಕೆ, ಬಾಯಿ ಮುಖದಿಂದ ಆಚೆಗೆ — ಮದ್ದು ಹುಯ್ದು, ಉಣ್ಣೆಯ ಬಿಲ್ಲೆ ಇಳಿಸಿ, ಗಜದಿಂದ ಒತ್ತಿ, ಸೀಸದ ಸಣ್ಣ ಗುಂಡುಗಳ ಚರೆ ಹಾಕಿ, ಮೇಲೊಂದು ತೆಳು ರಟ್ಟು ಒತ್ತಿ, ಗಜ ಹೊರಗೆ ತೆಗೆದು, ಕಡೆಗೆ ಕೇಪು. ಅಷ್ಟರಲ್ಲಿ ಹಕ್ಕಿ ಮೂರು ಹೊಲ ದಾಟಿರುತ್ತದೆ. ಸಿದ್ಧ ತೋಟೆ ತುರುಕಿ ಹೊಡೆಯುವ ಕೋವಿಯವರು ರೇಗಿಸುತ್ತಿದ್ದರು. "ಅಣ್ಣೋ, ನೀವು ತುಂಬೋ ಹೊತ್ತಿಗೆ ಆ ಕೌಜುಗ ಮೊಮ್ಮಕ್ಕಳನ್ನ ಆಡಿಸ್ತಿರ್ತದೆ." ಇವರು ಗಜ ಒರೆಸುತ್ತಾ, "ಆಡಿಸ್ಲಿ ಬಿಡಪ್ಪ. ಮುಂದಿನ ವರ್ಷಕ್ಕೆ ನಂಗೂ ಬೇಕಲ್ಲ" ಅನ್ನುತ್ತಿದ್ದರು. ಒಂದೀಡಣ್ಣ ಎಂಬ ಹೆಸರು ಹಾಗೆ ಬಂತು. ಸಂಬಳದ ದಿನ ಅವರ ನಿಜವಾದ ಹೆಸರು ಕೂಗಿದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ಈಗ ಒಂದು ತಮಾಷೆ ಹೇಳಬೇಕು. ಅಳುವ ಸಭೆಯಲ್ಲಿ ತಮಾಷೆ ಬೇಕೇ ಎಂದರೆ — ಬೇಕು. ಯಾಕೆಂದರೆ ನಮ್ಮ ಬಳಗದ ದೊಡ್ಡ ನಿಯಮ ಹುಟ್ಟಿದ್ದು ಅದರಿಂದಲೇ.

ಆ ವರ್ಷ ಅತ್ತಿಗೆ ಮೊದಲ ಸಲ ನಮ್ಮ ಜೊತೆ ಬಂದಿದ್ದರು. ಅಣ್ಣ ಕೋವಿ ತುಂಬುತ್ತಿದ್ದಾರೆ. ಅತ್ತಿಗೆ ಕೇಳಿದರು, "ಮನೆಗೆ ಬೀಗ ಹಾಕಿದ್ರಾ?" ಅಣ್ಣ, "ಹಾಕ್ದೆ." "ಹಿಂದಿನ ಬಾಗಿಲಿಗೆ?" ಅಣ್ಣನ ಕೈ ನಿಂತಿತು. ಯೋಚನೆ ಹಿಂದಿನ ಬಾಗಿಲಿಗೆ ಹೋಯಿತು. ಅಷ್ಟರಲ್ಲಿ ನಮ್ಮ ಬೇಟೆನಾಯಿ ಮುಂದೆ ನುಗ್ಗಿತು, ಕೌಜುಗ ಪುರ್ರೆಂದು ಎದ್ದಿತು, ಅಣ್ಣ ಕೇಪು ಇಟ್ಟು ಎತ್ತಿ ಹೊಡೆದೇಬಿಟ್ಟರು. ಗಜ ನಳಿಗೆಯೊಳಗೇ ಇತ್ತು. ಅದು ಕೋಲುಬಾಣದ ಹಾಗೆ ಹೋಗಿ ಕೆಸರಿನ ಹೊಂಡದಲ್ಲಿ ನೆಟ್ಟಗೆ ನಾಟಿಕೊಂಡಿತು. ಹಕ್ಕಿ ಹೋಯಿತು. ನಳಿಗೆ ಉಳಿದದ್ದು ನಮ್ಮ ಪುಣ್ಯ. ಅಣ್ಣನೇ ಹೊಂಡಕ್ಕೆ ಇಳಿದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು, ಸೊಟ್ಟಗಾದ ಗಜ ಕಿತ್ತು ತಂದರು. ಅತ್ತಿಗೆ ಕೇಳಿದರು, "ಅಂದ್ರೆ ಹಿಂದಿನ ಬಾಗಿಲಿಗೆ ಹಾಕಿಲ್ಲ ಅಂತಾಯ್ತು."

ಹೌದು, ನಗಿ. ಅವರೂ ನಕ್ಕರು. ಆದರೆ ಆ ದಿನ ಮತ್ತೆ ಕೋವಿ ಮುಟ್ಟಲಿಲ್ಲ. ಮಾರನೆಯ ದಿನ ಕಾರ್ಖಾನೆಯಲ್ಲಿ ಹೊಸ ಗಜ ಕಡೆಯುತ್ತಾ ನನಗೆ ಹೇಳಿದರು, "ಇನ್ಮೇಲೆ ಒಬ್ಬ ತುಂಬೋವಾಗ ಯಾರೂ ಮಾತಾಡಬಾರದು. ಪ್ರಾಣ ಹೋಗೋ ವಿಷಯ ಆದ್ರೂ ಮಾತಾಡಬಾರದು. ಯಾಕಂದ್ರೆ ಮಾತಾಡಿದ್ರೇ ಪ್ರಾಣ ಹೋಗೋದು." ಅಲ್ಲಿಂದ ಇವತ್ತಿನವರೆಗೆ, ಬೇಟೆಗೆ ಅಕ್ಕಪಕ್ಕ ನಡೆಯುವ ನಮ್ಮ ಸಾಲಿನಲ್ಲಿ ಒಬ್ಬರಿಗೂ ಗಾಯವಾಗಿಲ್ಲ. ಅಧ್ಯಕ್ಷರು ಹೇಳಿದ ಗುರಿಗಿಂತ ದೊಡ್ಡ ಸಾಧನೆ ಅದು ಎಂದು ನಾನು ತಿಳಿದಿದ್ದೇನೆ.

ಎರಡನೆಯ ನಿಯಮವೂ ಅವರದೇ. ಈ ಹೊಸ ತೋಟೆಗಳ ಹಾಗಲ್ಲ ಕರಿಮದ್ದು. ಹೊಡೆದ ತಕ್ಷಣ ಮುಖದ ಮುಂದೆ ಹೊಗೆ ಗೋಡೆ ಕಟ್ಟುತ್ತದೆ. ಹೊಡೆದವನಿಗೆ ಹಕ್ಕಿ ಬಿತ್ತೋ, ಹಾರಿತೋ, ಬಿದ್ದರೆ ಎಲ್ಲಿ ಬಿತ್ತು — ಏನೂ ಕಾಣುವುದಿಲ್ಲ. ಅದಕ್ಕೆ ಗಾಳಿ ಬರುವ ಬದಿಯಲ್ಲಿ, ಸ್ವಲ್ಪ ದೂರದಲ್ಲಿ ಇನ್ನೊಬ್ಬರು ನಿಲ್ಲಬೇಕು. ನಾವು ಅವರನ್ನು ಹೊಗೆಕಾವಲು ಎನ್ನುತ್ತೇವೆ. ಅವರ ಕೈಯಲ್ಲಿ ಕೋವಿ ಇಲ್ಲ. ಕೆಲಸ ಒಂದೇ — ಸದ್ದಿಗೆ ರೆಪ್ಪೆ ಬಡಿಯದೆ ಹಕ್ಕಿಯನ್ನು ನೆಲ ಮುಟ್ಟುವವರೆಗೆ ನೋಡುವುದು. ಹೇಳುವಷ್ಟು ಸುಲಭವಲ್ಲ. ಪ್ರಯತ್ನಿಸಿ ನೋಡಿ.

ಬಿದ್ದ ಹಕ್ಕಿ ಸಿಗುವವರೆಗೆ ಸಾಲು ಮುಂದೆ ಹೋಗುವುದಿಲ್ಲ, ಇನ್ನೊಂದು ಈಡು ತುಂಬುವುದಿಲ್ಲ. "ಹೊಡೆದು ಬಿಟ್ಟುಹೋದ್ರೆ ಅದು ಬೇಟೆ ಅಲ್ಲ, ಕೊಲೆ" ಎನ್ನುತ್ತಿದ್ದರು. ಬಳಗಕ್ಕೆ ಸೇರುವವರು ಯಾರೇ ಆಗಲಿ, ಮೂರು ಹಂಗಾಮು ಹೊಗೆಕಾವಲು ನಿಂತ ಮೇಲೆಯೇ ಸಾಲಿನಲ್ಲಿ ಕೋವಿ ಹಿಡಿಯಬೇಕು. ಅಧ್ಯಕ್ಷರೇ, ನೀವೂ ನಿಂತವರು. ಮೊದಲ ವರ್ಷ ನೀವು ತೋರಿಸಿದ ಜಾಗದಲ್ಲೆಲ್ಲ ಹಕ್ಕಿ ಬಿಟ್ಟು ಮಿಕ್ಕದ್ದೆಲ್ಲ ಸಿಕ್ಕಿತ್ತು. — ಅವರು ಒಪ್ಪಿಕೊಳ್ಳುತ್ತಿದ್ದಾರೆ, ನೋಡಿ.

ಅಣ್ಣನಿಗೆ ಮೊದಲು ಹೊಗೆಕಾವಲು ನಾನಿದ್ದೆ. ನನ್ನ ಮಂಡಿ ಕೆಟ್ಟ ಮೇಲೆ ಅತ್ತಿಗೆ ನಿಂತರು. ಮೊದಮೊದಲು ಅಣ್ಣನಿಗೆ ನಂಬಿಕೆ ಇರಲಿಲ್ಲ. ಒಂದು ದಿನ ಮುಳ್ಳುಪೊದೆಯ ಹತ್ತಿರ ಹೊಡೆದರು. ಪೊದೆಯ ಈಚೆ ಬಿತ್ತು ಎಂದು ಅವರ ಹಟ. ಹುಡುಕಿದರು, ನಾಯಿಯೂ ಹುಡುಕಿತು, ನಾವೂ ಹುಡುಕಿದೆವು. ಬಿಸಿಲು ಏರಿತು. ಹೊಟ್ಟೆ ಹಸಿಯಿತು. ಅತ್ತಿಗೆ ನಿಂತಲ್ಲಿಂದ ಕದಲಲಿಲ್ಲ, ತೋರಿಸಿದ ಬೆರಳನ್ನೂ ಇಳಿಸಲಿಲ್ಲ.

"ಆ ಒಣಗಿದ ಕೊಂಬೆಯ ಆಚೆ ಅಂತ ಎಷ್ಟು ಸಲ ಹೇಳ್ಲಿ?"

"ಹೊಡೆದವನು ನಾನು ಕಣೇ."

"ಹೊಗೆಯೊಳಗಿದ್ದವರೂ ನೀವೇ."

ಅಣ್ಣ ಗೊಣಗುತ್ತಾ ಕೊಂಬೆಯ ಆಚೆ ಹೋದರು. ಬಗ್ಗಿದರು. ಎದ್ದಾಗ ಕೈಯಲ್ಲಿ ಕೌಜುಗ ಇತ್ತು. ಆಮೇಲೆ ಅವರು ಹೊಡೆದ ಮೇಲೆ ಹಕ್ಕಿಯ ಕಡೆ ನೋಡುವುದನ್ನೇ ಬಿಟ್ಟರು. ನೇರವಾಗಿ ಅತ್ತಿಗೆಯ ಬೆರಳಿನ ಕಡೆ ನೋಡುತ್ತಿದ್ದರು.

ಇಷ್ಟು ಹೇಳಿದ ಮೇಲೆ ಒಂದು ತಪ್ಪು ಮಾಹಿತಿಯನ್ನು ತಿದ್ದಬೇಕಾಗಿದೆ. ಇವತ್ತು ಈ ವೇದಿಕೆಯಿಂದ ಎರಡು ಸಲ ಒಂದು ಮಾತು ಬಂತು. ಕಾಯಿಲೆ ಬಿದ್ದ ಮೇಲೂ, ಕಳೆದ ಹಂಗಾಮಿನ ಕೊನೆಯ ದಿನ, ಒಂದೇ ಈಡಿಗೆ ಹಕ್ಕಿ ಬೀಳಿಸಿದರು, ಕೊನೆಯವರೆಗೂ ಗುರಿ ತಪ್ಪಲಿಲ್ಲ ಎಂದು. ಗೇಟಿನ ಫಲಕದ ಮೇಲೂ ಹಾಗೇ ಬರೆದಿದ್ದಾರೆ. ಪ್ರೀತಿಯಿಂದ ಬರೆದಿದ್ದಾರೆ. ಆದರೆ ಅದು ನಿಜವಲ್ಲ.

— ಅತ್ತಿಗೆ, ಹೇಳಲೇ? — ಸರಿ. ಹೇಳು ಎನ್ನುತ್ತಿದ್ದಾರೆ.

ಆ ಹಕ್ಕಿಯನ್ನು ಹೊಡೆದವರು ಅಣ್ಣ ಅಲ್ಲ. ಅತ್ತಿಗೆ.

ನಾನು ಅಲ್ಲಿದ್ದೆ. ಆ ದಿನ ಅಣ್ಣನಿಗೆ ಉಸಿರು ಸಾಲುತ್ತಿರಲಿಲ್ಲ. ಗಜ ಒತ್ತಲು ಎರಡು ಕೈ ಹಾಕಿದರೂ ಆಗಲಿಲ್ಲ. ಸಾಲು ಮುಂದೆ ಹೋಗಲಿ ಎಂದು ಕೈ ಬೀಸಿ, ನಾವು ಮೂವರು ಹಿಂದೆ ಉಳಿದೆವು. ಅವರು ಒಂದು ಕಲ್ಲಿನ ಮೇಲೆ ಕುಳಿತರು. ಕೋವಿಯನ್ನು ಅತ್ತಿಗೆಯ ಕಡೆ ಚಾಚಿ, "ತಗೋ. ತುಂಬು" ಅಂದರು. ಅತ್ತಿಗೆ ತುಂಬಿದರು. ಆ ಉಣ್ಣೆಯ ಬಿಲ್ಲೆಗಳನ್ನು ಇಷ್ಟು ವರ್ಷ ಹಳೆಯ ಕಂಬಳಿಯಿಂದ ಕತ್ತರಿಸಿಕೊಟ್ಟವರು ಅವರೇ. ಯಾವುದು ಎಷ್ಟು ಬಿಗಿ ಕೂರುತ್ತದೆ ಎಂದು ಅವರ ಹೆಬ್ಬೆರಳಿಗೆ ಗೊತ್ತು. ತುಂಬಿ ಕೋವಿ ಹಿಂದಕ್ಕೆ ಕೊಟ್ಟರು. ಅಣ್ಣ ತೆಗೆದುಕೊಳ್ಳಲಿಲ್ಲ. ಎದ್ದು, ನನ್ನ ಹೆಗಲು ಹಿಡಿದು, ಗಾಳಿಯ ಬದಿಗೆ ನಡೆದು ನಿಂತರು. ಹೊಗೆಕಾವಲು ನಿಲ್ಲುವ ಜಾಗದಲ್ಲಿ.

"ನೀವು ಅಲ್ಲೇನ್ ಮಾಡ್ತಿದ್ದೀರಾ?"

"ನೀನು ಇಷ್ಟು ವರ್ಷ ಮಾಡಿದ್ದನ್ನೇ."

ಹಕ್ಕಿ ಎದ್ದಿತು. ಅತ್ತಿಗೆ ಆತುರ ಮಾಡಲಿಲ್ಲ. ಅದು ಏರಿ, ನೇರವಾಗಿ, ಹಾರಾಟ ಒಂದೇ ಸಮನಾಗುವವರೆಗೆ ಕಾದು ಹೊಡೆದರು. ಹಕ್ಕಿ ಮಡಚಿಕೊಂಡು ಬಿತ್ತು. ನಾನು ನೋಡಿದೆ. ಅಣ್ಣ — ಅಣ್ಣ ಹೆಮ್ಮೆಯಿಂದ ಕೈ ಎತ್ತಿ ಒಂದು ಕಡೆ ತೋರಿಸಿದರು. ಅತ್ತಿಗೆ ಹೋದರು. ಅಲ್ಲಿ ಏನೂ ಇರಲಿಲ್ಲ.

"ಎಲ್ಲಿ?"

"ಅಲ್ಲೇ."

"ಅಲ್ಲೇ ಅಂದ್ರೆ?"

ಅಣ್ಣ ಕೈ ಇಳಿಸಿ ಹೇಳಿದರು, "ರೆಪ್ಪೆ ಬಡಿದೆ ಕಣೇ. ಈ ಕೆಲಸ ಅಂದ್ಕೊಂಡಷ್ಟು ಸುಲಭ ಅಲ್ಲ."

ಹಕ್ಕಿಯನ್ನು ಕಡೆಗೆ ನಾಯಿ ತಂದಿತು. ಅಣ್ಣ ಅದನ್ನು ಕೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿ ನೋಡಿದರು. ಆಮೇಲೆ ನಮ್ಮಿಬ್ಬರಿಗೂ ಹೇಳಿದರು, "ಈಗ ಯಾರಿಗೂ ಹೇಳೋದು ಬೇಡ. ಹೇಳಿದ್ರೆ ನನ್ನ ಮೇಲಿನ ಕನಿಕರಕ್ಕೆ ಒಪ್ಕೋತಾರೆ. ಮುಂದಿನ ಹಂಗಾಮಿಗೆ ಇವಳು ಸಾಲಲ್ಲಿ ನಿಂತು, ಎಲ್ಲರ ಕಣ್ಣೆದುರು ಹೊಡೀಲಿ. ಆಗ ಅವರೇ ಹೇಳ್ತಾರೆ." ಸಾಲಿನವರು ಹಿಂದಿರುಗಿ ಬಂದಾಗ ಹಕ್ಕಿ ಅಣ್ಣನ ಕೈಯಲ್ಲಿತ್ತು. ನೀವೆಲ್ಲ ಅವರದೇ ಅಂದುಕೊಂಡಿರಿ. ನಾವು ಮೂವರೂ ಸುಮ್ಮನಿದ್ದೆವು.

ಮುಂದಿನ ಹಂಗಾಮು ಇದೇ ವಾರದ ಕೊನೆಗೆ ಶುರುವಾಗುತ್ತದೆ. ಅಣ್ಣ ಇಲ್ಲ.

ಈಗ ಸಂಗ್ರಹಾಲಯದ ವಿಷಯಕ್ಕೆ ಬರುತ್ತೇನೆ. ಮೇಡಂ, ನಿಮ್ಮ ಮೇಲೆ ನನಗೆ ಯಾವ ದೂರೂ ಇಲ್ಲ. ನೀವು ಕೇಳಿದ್ದೆಲ್ಲಕ್ಕೂ ನೇರವಾಗಿ ಉತ್ತರ ಕೊಟ್ಟಿರಿ. ಜನ ಓಡಾಡುವ ಜಾಗದಲ್ಲಿ ಇಡಬೇಕಾದರೆ ಕೋವಿ ಮತ್ತೆ ಎಂದೂ ಹೊಡೆಯದಂತೆ ಮಾಡಬೇಕು, ನಳಿಗೆಯ ಬುಡಕ್ಕೆ ಸೀಸ ಹುಯ್ದು ಕೇಪಿನ ತೂತಿಗೆ ಬೆಸುಗೆ ಹಾಕಬೇಕು ಎಂದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ತಮ್ಮನವರ ಮೇಲೂ ದೂರಿಲ್ಲ. ಅಣ್ಣನ ಹೆಸರು ಉಳಿಯಲಿ ಎಂಬ ಆಸೆ ಅವರದು.

ಆದರೆ ಮೊನ್ನೆ ಊಟದ ವಿರಾಮದಲ್ಲಿ ಅತ್ತಿಗೆ ಕಾರ್ಖಾನೆಗೆ ಬಂದರು. ಕೋವಿಯನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ತಂದಿದ್ದರು. ಅಣ್ಣನ ಲೇತ್‌ಗೆ ಇನ್ನೂ ಹೊಸಬರು ಬಂದಿಲ್ಲ, ಯಂತ್ರದ ಮೇಲೆ ಬಟ್ಟೆ ಹೊದಿಸಿದೆ. ಅದರ ಪಕ್ಕ ನಿಂತು ಅತ್ತಿಗೆ ಹೇಳಿದರು, "ಮೈದುನರು ಮಾತು ಕೊಟ್ಟುಬಿಟ್ಟಿದ್ದಾರೆ. ಬೇಡ ಅಂದೆ. 'ಅಣ್ಣ ಹೋಗಿ ತಿಂಗಳಾಗಿಲ್ಲ, ನೀವು ಕೋವಿ ಹೊತ್ಕೊಂಡು ಹೊಲ ಸುತ್ತಿದ್ರೆ ಜನ ಏನಂತಾರೆ' ಅಂದ್ರು. ನಂಗೆ ಜನದ್ದು ಗೊತ್ತಿಲ್ಲ. ಇದಕ್ಕೆ ಸೀಸ ಹುಯ್ದ ದಿನ ಅವರು ಎರಡನೇ ಸಲ ಹೋದ ಹಾಗೆ ನಂಗೆ."

ಅಷ್ಟೇ ಹೇಳಿದ್ದು. ಅಳಲಿಲ್ಲ. ಆಮೇಲೆ ನನ್ನ ಬೆಂಚಿನ ಮೇಲಿದ್ದ ಎಣ್ಣೆಬಟ್ಟೆ ತೆಗೆದುಕೊಂಡು ಕುದುರೆ ಒರೆಸಿದರು. ಮಗಳನ್ನು ಕೇಳಿದೆ. "ಅಮ್ಮ ಮನಸ್ಸು ಮಾಡಿಯಾಗಿದೆ, ಮಾಮ. ನೀವು ಬರೀ ಜೋರಾಗಿ ಹೇಳಿ" ಅಂದಳು. ಅದಕ್ಕೇ ಜೋರಾಗಿ ಹೇಳುತ್ತಿದ್ದೇನೆ.

ಕಾನೂನು ಕೇಳುವವರಿಗೆ — ಈ ಕೋವಿಯ ಪರವಾನಗಿಯಲ್ಲಿ ಅಣ್ಣನ ಹೆಸರಿನ ಜೊತೆ ಅತ್ತಿಗೆಯ ಹೆಸರು ಮೊದಲಿನಿಂದಲೂ ಇದೆ. ಬಳಗದ ನಿಯಮ ಕೇಳುವವರಿಗೆ — ಮೂರು ಹಂಗಾಮು ಹೊಗೆಕಾವಲು ನಿಂತಿರಬೇಕು. ಅದರ ಎಷ್ಟೋ ಪಟ್ಟು ಅವರು ನಿಂತಿದ್ದಾರೆ. ಈ ಕೋಣೆಯಲ್ಲಿ ಅವರು ತೋರಿಸಿಕೊಟ್ಟ ಹಕ್ಕಿ ತಿನ್ನದವರು ಯಾರಾದರೂ ಇದ್ದರೆ ಕೈ ಎತ್ತಿ. — ಇಲ್ಲ. ವಯಸ್ಸು ಕೇಳುವವರಿಗೆ — ಅಣ್ಣನಿಗಿಂತ ಚಿಕ್ಕವರು, ಅಧ್ಯಕ್ಷರಿಗಿಂತಲೂ ಚಿಕ್ಕವರು. ಜನ ಏನಂತಾರೆ ಎಂದು ಕೇಳುವವರಿಗೆ — ಜನ ಎಂದರೆ ನಾವೇ. ಇಲ್ಲೇ ಕುಳಿತಿದ್ದೇವೆ. ಏನನ್ನಬೇಕು ಎಂದು ಈಗಲೇ ತೀರ್ಮಾನ ಮಾಡಬಹುದು.

— ಏನು? ಸ್ವಲ್ಪ ಜೋರಾಗಿ ಹೇಳಿ. — ತಮ್ಮನವರು, "ಆ ಹಕ್ಕಿಯ ವಿಷಯ ನನಗೆ ಯಾರೂ ಹೇಳಲಿಲ್ಲ" ಎನ್ನುತ್ತಿದ್ದಾರೆ. ನಿಜ. ನಿಮ್ಮ ತಪ್ಪೇನಿಲ್ಲ. ನಿಮ್ಮಣ್ಣನೇ ಬೇಡ ಎಂದಿದ್ದರು. ಈಗ ಗೊತ್ತಾಯಿತಲ್ಲ. ಮಾತು ಕೊಟ್ಟವರು ನೀವು, ಹಿಂದಕ್ಕೆ ಪಡೆಯಬೇಕಾದವರೂ ನೀವೇ. ನಾನು ಕಸಿದುಕೊಳ್ಳುವುದಿಲ್ಲ. ಕಾಯುತ್ತೇನೆ.

— ತಮ್ಮನವರು ಮೇಡಂ ಕಡೆ ತಿರುಗಿ ಕೈ ಮುಗಿದರು. ನೋಡಿದಿರಲ್ಲ. ಮೇಡಂ ಕೂಡ ತಲೆ ಆಡಿಸಿದರು. ದೊಡ್ಡ ಉಪಕಾರವಾಯಿತು. ಮೇಡಂ, ನಿಮ್ಮ ಗಾಜಿನ ಪೆಟ್ಟಿಗೆ ಖಾಲಿ ಹೋಗಬಾರದು. ಕೆಸರಿನಲ್ಲಿ ನಾಟಿಕೊಂಡ ಆ ಸೊಟ್ಟ ಗಜ ಇನ್ನೂ ನನ್ನ ಹತ್ತಿರ ಇದೆ. ಅದನ್ನು ಕೊಡುತ್ತೇನೆ. ಅದಕ್ಕೆ ಸೀಸ ಹುಯ್ಯುವ ಕೆಲಸ ಇಲ್ಲ. ಹೆಸರು ಬರೆಸುವಾಗ ಹಿಂದಿನ ಬಾಗಿಲಿನ ಕತೆಯನ್ನೂ ಬರೆಸಿ. ಅಧ್ಯಕ್ಷರೇ, ಗೇಟಿನ ಫಲಕವನ್ನೂ ನಾಳೆ ತಿದ್ದಿಸಿ.

ಹಾಗಾದರೆ ಹಂಗಾಮಿನ ಮೊದಲ ದಿನ ಅತ್ತಿಗೆ ಸಾಲಿನಲ್ಲಿರುತ್ತಾರೆ. ಎಡದ ತುದಿ, ಅಣ್ಣನ ಜಾಗ. ಅವರಿಗೆ ಹೊಗೆಕಾವಲು ನಾನು. ಮಂಡಿಯ ವಿಷಯ ಯಾರೂ ಎತ್ತಬೇಡಿ. ಡಾಕ್ಟರು ಎತ್ತಿಯಾಗಿದೆ. ಪಟ್ಟಿ ಕಟ್ಟಿಕೊಂಡು, ಕೋಲು ಊರಿಕೊಂಡು ನಿಲ್ಲುತ್ತೇನೆ. ಅವರು ತುಂಬುವಷ್ಟು ಹೊತ್ತು ಸಾಲು ನಿಲ್ಲುತ್ತದೆ. ಹಕ್ಕಿ ಸಿಗುವವರೆಗೆ ಸಾಲು ಕದಲುವುದಿಲ್ಲ. ಮೊದಲ ದಿನ ಅವರು ಹೊಡೆದದ್ದು ತಪ್ಪಲೂಬಹುದು. ಅಣ್ಣನದೂ ಎಷ್ಟೋ ಸಲ ತಪ್ಪಿದೆ. ತಪ್ಪಿದರೆ ಮತ್ತೆ ತುಂಬುತ್ತಾರೆ. ಬರುವ ವರ್ಷವೂ ಬರುತ್ತಾರೆ.

ನನ್ನ ಮಾತು ಮುಗಿಯಿತು. ಇನ್ನು ಅಣ್ಣನಿಗೆ ನಾವೆಲ್ಲ ಸೇರಿ ಕೊಡಬೇಕಾದ ಒಂದು ಗಳಿಗೆ ಮೌನ ಉಳಿದಿದೆ. ಮೌನ ಮುಗಿದ ಮೇಲೆ ಅತ್ತಿಗೆ ಮೇಲೆ ಬಂದು, ಈ ಮೇಜಿನಿಂದ ತಮ್ಮ ಕೋವಿಯನ್ನು ತೆಗೆದುಕೊಂಡು, ನಡುವಿನ ದಾರಿಯಲ್ಲಿ ನಡೆದು ಮನೆಗೆ ಹೋಗುತ್ತಾರೆ. ಕೋವಿ ಖಾಲಿ ಇದೆ, ಗಜ ಇಳಿಸಿ ನೋಡಿದ್ದೇನೆ. ದಾರಿಗೆ ಚಾಚಿದ ಬೆಂಚುಗಳನ್ನು ಸ್ವಲ್ಪ ಒಳಗೆ ಎಳೆದುಕೊಳ್ಳಿ. ಕೋವಿ ಭಾರ ಇದೆ ಎಂದು ಯಾರೂ ಹಿಡಿದುಕೊಳ್ಳಲು ಹೋಗಬೇಡಿ. ಅದರ ಭಾರ ಅವರಿಗೆ ಗೊತ್ತು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.